ಗಲ್ಲಾದ ಆಚೆ, ಗಲ್ಲಾದ ಈಚೆ: ದಿನನಿತ್ಯದ ವರ್ಣಭೇದ ತೋರಿಸುವ ಏಳು ಸಿನಿಮಾಗಳ ವಿಮರ್ಶೆ

ವರ್ಣಭೇದದ ಬಗ್ಗೆ ಸಿನಿಮಾ ಎಂದರೆ ಹೆಚ್ಚಾಗಿ ಸಿಗುವುದು ಕೋರ್ಟು, ಬೆಂಕಿ, ಬಂದೂಕು, ಕೊನೆಗೊಂದು ಭಾಷಣ. ಬದುಕಿನಲ್ಲಿ ಅದು ಹಾಗೆ ಬರುವುದು ಅಪರೂಪ. ಅಂಗಡಿಯವನು ಚಿಲ್ಲರೆಯನ್ನು ಕೈಗೆ ಕೊಡದೆ ಮೇಜಿನ ಮೇಲೆ ಇಡುತ್ತಾನೆ. ಮೆಟ್ಟಿಲ ಮೇಲೆ ಬುತ್ತಿ ಬಿಚ್ಚಿದವರು ಒಂದು ಮೆಟ್ಟಿಲು ಆಚೆ ಸರಿಯುತ್ತಾರೆ. ಗಾಡಿ ಓಡಿಸುತ್ತಿದ್ದವಳನ್ನು ಬಿಟ್ಟು ಪಕ್ಕದಲ್ಲಿ ಕೂತವನ ಗುರುತಿನ ಚೀಟಿ ಕೇಳುತ್ತಾರೆ. ಇಷ್ಟು ಸಣ್ಣದನ್ನು ತೆರೆಗೆ ತರುವುದು ಕಷ್ಟ. ನೋಡುಗರಿಗೆ ಕಾಣಬೇಕೆಂದು ಹಿಗ್ಗಿಸಿದರೆ ಅದು ದಿನನಿತ್ಯದ್ದಾಗಿ ಉಳಿಯುವುದಿಲ್ಲ. ಇದ್ದಷ್ಟೇ ಇಟ್ಟರೆ ಅರ್ಧ ಜನರ ಕಣ್ಣಿಗೆ ಬೀಳುವುದಿಲ್ಲ.

ಇಲ್ಲಿ ಏಳು ಸಿನಿಮಾಗಳನ್ನು ಒಂದೇ ಅಳತೆಗೋಲಿನಿಂದ ನೋಡಲಾಗಿದೆ: ಅದರಲ್ಲಿನ ಕೊಡುಕೊಳ್ಳುವ ದೃಶ್ಯ ಹೇಗಿದೆ? ಈ ಬಗೆಯ ಸಿನಿಮಾಗಳಲ್ಲಿ ಎಲ್ಲಾದರೂ ಒಂದು ಕಡೆ ಯಾರೋ ಕೊಳ್ಳುತ್ತಾರೆ, ಯಾರೋ ಮಾರುತ್ತಾರೆ, ಯಾರೋ ಕೂಲಿ ಕೊಡುತ್ತಾರೆ. ಸಿನಿಮಾ ಎಷ್ಟು ದುಡ್ಡು ಮಾಡಿತು ಎನ್ನುವುದಕ್ಕೆ ಗಲ್ಲಾಪೆಟ್ಟಿಗೆ ಎನ್ನುತ್ತೇವಲ್ಲ, ಈ ವಿಮರ್ಶೆಗೆ ಬೇಕಾದದ್ದು ತೆರೆಯೊಳಗೆ ಇರುವ ಗಲ್ಲಾಪೆಟ್ಟಿಗೆ. ಅದರ ಮುಂದೆ ಪಾತ್ರಗಳು ಹೇಗೆ ನಿಲ್ಲುತ್ತವೆ ಎಂದು ನೋಡಿದರೆ ನಿರ್ದೇಶಕನಿಗೆ ವಿಷಯ ಎಷ್ಟು ಗೊತ್ತು ಎಂಬುದು ತಿಳಿಯುತ್ತದೆ. ಕಥೆಯ ಗುಟ್ಟುಗಳು ಮುಂದೆ ಬಯಲಾಗುತ್ತವೆ. 'ಗೆಟ್ ಔಟ್' ನೋಡಿರದವರು ಆ ಭಾಗವನ್ನು ದಾಟಿಕೊಂಡು ಓದಿ. ಉಳಿದವುಗಳಿಗೆ ಗುಟ್ಟು ತಿಳಿದರೆ ನಷ್ಟವೇನಿಲ್ಲ.

ಅಲಿ: ಫಿಯರ್ ಈಟ್ಸ್ ದಿ ಸೋಲ್ (1974, ಜರ್ಮನ್, 93 ನಿಮಿಷ)

ಏಳರಲ್ಲಿ ಮೊದಲ ಸ್ಥಾನ ಇದಕ್ಕೆ. ರೈನರ್ ವೆರ್ನರ್ ಫಾಸ್‌ಬಿಂಡರ್ ಇದನ್ನು ಸುಮಾರು ಎರಡೇ ವಾರದಲ್ಲಿ ಚಿತ್ರಿಸಿ ಮುಗಿಸಿದ. ಮ್ಯೂನಿಕ್‌ನಲ್ಲಿ ಕಸ ಗುಡಿಸಿ ನೆಲ ಒರೆಸುವ ಅರವತ್ತರ ಆಸುಪಾಸಿನ ವಿಧವೆ ಎಮ್ಮಿ, ಅವಳಿಗಿಂತ ಬಹಳ ಚಿಕ್ಕವನಾದ ಮೊರಾಕ್ಕೋದ ಕಾರ್ಮಿಕ ಅಲಿ, ಇಬ್ಬರೂ ಮದುವೆಯಾಗುತ್ತಾರೆ. ಪಶ್ಚಿಮ ಜರ್ಮನಿ 1963ರಲ್ಲಿ ಮೊರಾಕ್ಕೋದ ಜೊತೆ ಒಪ್ಪಂದ ಮಾಡಿಕೊಂಡು ಅಲ್ಲಿಂದ ಕಾರ್ಮಿಕರನ್ನು ಕರೆಸಿಕೊಂಡಿತ್ತು. ಅವರನ್ನು 'ಅತಿಥಿ ಕಾರ್ಮಿಕರು' ಎಂದು ಕರೆಯುತ್ತಿದ್ದರು. ಕೆಲಸ ಮುಗಿದ ಮೇಲೆ ಎದ್ದು ಹೋಗಬೇಕಾದವನೇ ಅತಿಥಿ ಎಂಬ ಲೆಕ್ಕ ಆ ಹೆಸರಿನಲ್ಲೇ ಇತ್ತು. ನಾಯಕನ ಹೆಸರೂ ಅಸಲಿಗೆ ಅಲಿ ಅಲ್ಲ. ಅವನಿಗೊಂದು ಉದ್ದನೆಯ ಹೆಸರಿದೆ. ಅದನ್ನು ಹೇಳುವ ಪುರುಸೊತ್ತು ಯಾರಿಗೂ ಇಲ್ಲದ್ದರಿಂದ ಎಲ್ಲರೂ ಅಲಿ ಎನ್ನುತ್ತಾರೆ.

ಗಲ್ಲಾದ ದೃಶ್ಯ ಇದರಲ್ಲಿ ಪಾಠದಂತಿದೆ. ಬೀದಿಯ ದಿನಸಿ ಅಂಗಡಿಗೆ ಅಲಿ ಹೋಗುತ್ತಾನೆ, ಬೇಕಾದದ್ದನ್ನು ಕೇಳುತ್ತಾನೆ. ಅಂಗಡಿಯವನಿಗೆ ಅರ್ಥವಾಗಿದೆ, ಆದರೂ ಅರ್ಥವಾಗದವನಂತೆ ನಿಲ್ಲುತ್ತಾನೆ. ಮೊದಲು ಭಾಷೆ ಕಲಿತು ಬಾ ಎನ್ನುತ್ತಾನೆ. ಬೈಗುಳವಿಲ್ಲ, ಕೈ ಎತ್ತುವುದಿಲ್ಲ, ದೂರು ಕೊಟ್ಟರೆ ತೋರಿಸಲು ಸಾಕ್ಷಿಯಿಲ್ಲ. ಎಮ್ಮಿ ಜಗಳಕ್ಕೆ ಹೋದರೆ ಇಪ್ಪತ್ತು ವರ್ಷದ ಗಿರಾಕಿ ಎಂದೂ ನೋಡದೆ ಅವಳನ್ನೇ ಹೊರಗಟ್ಟುತ್ತಾನೆ.

ಇಷ್ಟಕ್ಕೇ ನಿಂತಿದ್ದರೆ ಇದೊಂದು ಒಳ್ಳೆಯ ಸಿನಿಮಾ ಅಷ್ಟೇ ಆಗುತ್ತಿತ್ತು. ನಡುವಿನ ಹೊತ್ತಿಗೆ ಎಮ್ಮಿ ಮತ್ತು ಅಲಿ ಸ್ವಲ್ಪ ದಿನ ಪ್ರವಾಸ ಹೋಗಿ ಬರುತ್ತಾರೆ. ಬಂದು ನೋಡಿದರೆ ಎಲ್ಲರ ಮುಖದಲ್ಲೂ ನಗು! ಸೂಪರ್‌ಮಾರ್ಕೆಟ್‌ಗೆ ಗಿರಾಕಿಗಳು ಹರಿದುಹೋಗುತ್ತಿರುವಾಗ ದಿನಸಿಯವನಿಗೆ ಎಮ್ಮಿಯ ವ್ಯಾಪಾರ ಬೇಕು. ನೆರೆಯವಳಿಗೆ ಸಾಮಾನು ಇಡಲು ನೆಲಮಾಳಿಗೆಯಲ್ಲಿ ಜಾಗ ಬೇಕು. ಮದುವೆಯ ಸುದ್ದಿ ಕೇಳಿ ಟೀವಿಯನ್ನು ಒದ್ದು ಒಡೆದಿದ್ದ ಮಗನಿಗೆ ಕೂಸು ನೋಡಿಕೊಳ್ಳುವವರು ಬೇಕು. ಯಾರ ಮನಸ್ಸೂ ಬದಲಾಗಿಲ್ಲ, ಲೆಕ್ಕ ಬದಲಾಗಿದೆ. ಪೂರ್ವಗ್ರಹ ಕರಗಿತು ಎಂದು ಬೇರೆ ಸಿನಿಮಾಗಳು ಹಿಗ್ಗುವ ಜಾಗದಲ್ಲಿ ಫಾಸ್‌ಬಿಂಡರ್ ರಸೀದಿ ಬರೆದುಕೊಡುತ್ತಾನೆ.

ಆಮೇಲೆ ಬರುವುದು ಇನ್ನೂ ಕಹಿ. ಕೆಲಸದ ಕಡೆ ಎಮ್ಮಿಯನ್ನು ದೂರವಿಟ್ಟಿದ್ದ ಹೆಂಗಸರು ಈಗ ಅವಳನ್ನು ಸೇರಿಸಿಕೊಳ್ಳುತ್ತಾರೆ, ಏಕೆಂದರೆ ದೂರವಿಡಲು ಹೊಸಬಳೊಬ್ಬಳು ಸಿಕ್ಕಿದ್ದಾಳೆ: ಕಡಿಮೆ ಕೂಲಿಗೆ ಬಂದ ಯುಗೊಸ್ಲಾವಿಯಾದ ಹೆಣ್ಣು. ಅದೇ ಮೆಟ್ಟಿಲು, ಅದೇ ಕಂಬಿಯ ಹಿಂದಿನ ಕ್ಯಾಮೆರಾ ಕೋನ. ಒಂಟಿಯಾಗಿ ಕೂತವಳು ಮಾತ್ರ ಬೇರೆ. ಎಮ್ಮಿ ಅವಳತ್ತ ತಿರುಗಿಯೂ ನೋಡುವುದಿಲ್ಲ. ಗೆಳತಿಯರು ಮನೆಗೆ ಬಂದಾಗ ಗಂಡನ ತೋಳು ಮುಟ್ಟಿ ನೋಡಿ ಎಂದು ಅವಳೇ ತೋರಿಸುತ್ತಾಳೆ. ಕುಸ್ಕುಸ್ ಮಾಡಿಕೊಡು ಎಂದ ಅಲಿಗೆ, ಜರ್ಮನಿಯ ಊಟಕ್ಕೆ ಒಗ್ಗಿಕೋ ಎಂಬಂತೆ ಉತ್ತರಿಸುತ್ತಾಳೆ. ನೊಂದವಳೂ ನೋಯಿಸಬಲ್ಲಳು ಎಂಬುದನ್ನು ಒಂದು ಸಾಲಿನ ಉಪದೇಶವೂ ಇಲ್ಲದೆ ತೋರಿಸಿರುವ ಸಿನಿಮಾ ಇದರಷ್ಟು ಖಚಿತವಾಗಿ ಇನ್ನೊಂದಿಲ್ಲ.

ನೋಡುವಾಗ ಎರಡು ಎಚ್ಚರ. ಇದು ಹಳೆಯ ಚೌಕಾಕಾರದ ಚೌಕಟ್ಟಿನ ಸಿನಿಮಾ, ಅಗಲ ಎತ್ತರಗಳ ಅನುಪಾತ 1.37ಕ್ಕೆ 1. ಟೀವಿ ಇದನ್ನು ಅಗಲಕ್ಕೆ ಹಿಗ್ಗಿಸಿದರೆ ಅಥವಾ ಮೇಲೆ ಕೆಳಗೆ ಕತ್ತರಿಸಿದರೆ ಬಾಗಿಲ ಚೌಕಟ್ಟು, ಮೆಟ್ಟಿಲ ಕಂಬಿ, ಕಿಟಕಿಗಳ ನಡುವೆ ಪಾತ್ರಗಳನ್ನು ಕೂಡಿಹಾಕಿರುವ ಜೋಡಣೆಯೇ ಹಾಳಾಗುತ್ತದೆ. ಪರದೆಯ ಎರಡೂ ಬದಿಯಲ್ಲಿ ಕಪ್ಪು ಪಟ್ಟಿ ಇರಬೇಕು. ಎರಡನೆಯದು ಸಬ್‌ಟೈಟಲ್. ಅಲಿಯ ಜರ್ಮನ್ ಹರಕುಮುರುಕು. ಮೂಲ ಶೀರ್ಷಿಕೆಯಲ್ಲೇ ವ್ಯಾಕರಣದ ತಪ್ಪಿದೆ, ಅದು ಬೇಕೆಂದೇ ಇಟ್ಟದ್ದು. ಅವನ ಮಾತನ್ನು ತಿದ್ದಿ ತೀಡಿ ಕೊಡುವ ಸಬ್‌ಟೈಟಲ್ ಸಿಕ್ಕರೆ ದಿನಸಿ ಅಂಗಡಿಯ ದೃಶ್ಯ ಅರ್ಧ ಸತ್ತಂತೆ.

ಡೂ ದಿ ರೈಟ್ ಥಿಂಗ್ (1989, ಇಂಗ್ಲಿಷ್, 120 ನಿಮಿಷ)

ಸ್ಪೈಕ್ ಲೀಯ ಈ ಸಿನಿಮಾ ನಡೆಯುವುದು ನ್ಯೂಯಾರ್ಕ್‌ನ ಬ್ರೂಕ್ಲಿನ್‌ನಲ್ಲಿ, ಬೆಡ್‌ಫರ್ಡ್ ಸ್ಟೈವೆಸೆಂಟ್ ಬಡಾವಣೆಯ ಒಂದೇ ಬೀದಿಯಲ್ಲಿ, ಸುಡುವ ಬೇಸಿಗೆಯ ಒಂದು ದಿನ. ಚಿತ್ರೀಕರಣವೂ ಅದೇ ಬಡಾವಣೆಯ ಸ್ಟೈವೆಸೆಂಟ್ ಅವೆನ್ಯೂದಲ್ಲಿ 1988ರ ಬೇಸಿಗೆಯಲ್ಲಿ ನಡೆಯಿತು. ಛಾಯಾಗ್ರಾಹಕ ಅರ್ನೆಸ್ಟ್ ಡಿಕರ್ಸನ್ ಕೆಂಪು, ಕಿತ್ತಳೆ ಬಣ್ಣಗಳನ್ನು ಗೋಡೆಗೂ ಬಟ್ಟೆಗೂ ತುಂಬಿ, ನೀಲಿ ಹಸಿರನ್ನು ಆದಷ್ಟು ದೂರವಿಟ್ಟಿದ್ದಾನೆ. ನೋಡುತ್ತ ಕೂತವರಿಗೇ ಬೆವರು ಒರೆಸಿಕೊಳ್ಳಬೇಕು ಅನಿಸುತ್ತದೆ.

ಇಡೀ ಜಗಳ ಹುಟ್ಟುವುದು ಗಲ್ಲಾದ ಮುಂದೆಯೇ. ಇಟಲಿ ಮೂಲದ ಸಾಲ್ 25 ವರ್ಷದಿಂದ ಕಪ್ಪು ಜನರ ಬೀದಿಯಲ್ಲಿ ಪಿಜ್ಜಾ ಅಂಗಡಿ ನಡೆಸುತ್ತಿದ್ದಾನೆ. ಬಗ್ಗಿನ್ ಔಟ್ ಎಂಬ ಹುಡುಗ ತನ್ನ ಪಿಜ್ಜಾ ತುಂಡಿಗೆ ಚೀಸ್ ಸಾಲದು ಎನ್ನುತ್ತಾನೆ. ಹೆಚ್ಚಿಗೆ ಬೇಕಾದರೆ 2 ಡಾಲರ್ ಕೊಡು ಎನ್ನುತ್ತಾನೆ ಸಾಲ್. ತುಂಡು ಹಿಡಿದು ಕೂತ ಹುಡುಗನ ಕಣ್ಣು ಗೋಡೆಗೆ ಹೋಗುತ್ತದೆ. ಅಲ್ಲಿ ಸಾಲುಸಾಲು ಫೋಟೋ, ಎಲ್ಲರೂ ಇಟಲಿ ಮೂಲದ ಅಮೆರಿಕನ್ನರು. ಕಪ್ಪು ಜನರ ಒಂದು ಫೋಟೋವನ್ನೂ ಏಕೆ ಹಾಕಿಲ್ಲ ಎಂಬುದು ಅವನ ಪ್ರಶ್ನೆ. ಅಂಗಡಿ ನನ್ನದು, ಗೋಡೆಯೂ ನನ್ನದು ಎಂಬುದು ಸಾಲ್‌ನ ವಾದ. ಇಲ್ಲಿ ದುಡ್ಡು ಸುರಿಯುವವರು ನಾವು ಎಂಬುದು ಹುಡುಗನ ವಾದ. ಒಡೆತನಕ್ಕೂ ಗಿರಾಕಿತನಕ್ಕೂ ಇರುವ ಈ ತಿಕ್ಕಾಟದಲ್ಲಿ ಇಬ್ಬರ ಮಾತಿಗೂ ತೂಕವಿದೆ, ಇಬ್ಬರಲ್ಲೂ ಹುಂಬತನವಿದೆ. ಸಾಲ್ ಕೆಟ್ಟವನಲ್ಲ, ತನ್ನ ಪಿಜ್ಜಾ ತಿಂದು ಬೆಳೆದ ಮಕ್ಕಳ ಬಗ್ಗೆ ಅವನಿಗೆ ಅಭಿಮಾನವೇ ಇದೆ. ಆದರೆ ರೇಡಿಯೋ ಜೋರಾಗಿ ಹಾಡಿದಾಗ ಅವನ ಕೈ ಬೇಸ್‌ಬಾಲ್ ಬ್ಯಾಟಿಗೆ ಹೋಗುತ್ತದೆ, ಬಾಯಿಂದ ಹೊರಡಬಾರದ ಪದ ಹೊರಡುತ್ತದೆ. ಆ ಪದ ಅಷ್ಟು ವರ್ಷ ಎಲ್ಲಿತ್ತು?

ಸಾಲ್‌ನ ಹಿರಿಯ ಮಗ ಪೀನೋನ ಜೊತೆ, ಅಂಗಡಿಯ ಪಿಜ್ಜಾವನ್ನು ಮನೆಮನೆಗೆ ತಲುಪಿಸುವ ಕಪ್ಪು ಹುಡುಗ ಮೂಕಿ ನಡೆಸುವ ಮಾತುಕತೆಯನ್ನು ಎರಡು ಸಲ ನೋಡಬೇಕು. ಪೀನೋಗೆ ಕಪ್ಪು ಜನರನ್ನು ಕಂಡರಾಗದು. ಅವನ ಮೆಚ್ಚಿನ ಬ್ಯಾಸ್ಕೆಟ್‌ಬಾಲ್ ಆಟಗಾರ ಮ್ಯಾಜಿಕ್ ಜಾನ್ಸನ್, ನಟ ಎಡ್ಡಿ ಮರ್ಫಿ. ಹಾಡುಗಾರ ಪ್ರಿನ್ಸ್ ಎಂದು ಮೂಕಿ ಛೇಡಿಸುತ್ತಾನೆ. ಮೂವರೂ ಕಪ್ಪು ಜನರಲ್ಲವೇ ಎಂದರೆ, ಅವರು ಬೇರೆ ಎನ್ನುತ್ತಾನೆ. ದಿನನಿತ್ಯದ ಪೂರ್ವಗ್ರಹದ ಯಂತ್ರ ಹೇಗೆ ತಿರುಗುತ್ತದೆ ಎಂಬುದಕ್ಕೆ ಇದು ಬಿಚ್ಚಿಟ್ಟ ಮಾದರಿ: ತನಗೆ ಇಷ್ಟವಾದವರನ್ನು ಗುಂಪಿನಿಂದ ಹೊರಗೆ ತೆಗೆದಿಟ್ಟರೆ ಗುಂಪಿನ ಮೇಲಿನ ಅಸಹ್ಯಕ್ಕೆ ಧಕ್ಕೆಯಾಗುವುದಿಲ್ಲ.

ಕಪ್ಪು ಜನರನ್ನು ದೇವತೆಗಳನ್ನಾಗಿಸಿಲ್ಲ ಎಂಬುದು ಇದರ ದೊಡ್ಡ ಬಲ. ಎದುರಿನ ಕೊರಿಯನ್ ದಂಪತಿಯ ಅಂಗಡಿ ನೋಡಿ ಬೀದಿ ಮೂಲೆಯ ಮೂವರು ಹರಟೆಮಲ್ಲರು ಹೊಟ್ಟೆಕಿಚ್ಚು ಕಾರುತ್ತಾರೆ. ಸದಾ ದೊಡ್ಡ ರೇಡಿಯೋ ಹೊತ್ತು ತಿರುಗುವ ಹುಡುಗ ರೇಡಿಯೋ ರಹೀಮ್ ಬ್ಯಾಟರಿ ಕೊಳ್ಳಲು ಹೋಗಿ ಆ ಅಂಗಡಿಯವರ ಉಚ್ಚಾರಣೆಯನ್ನು ಅಣಕಿಸಿ ರೇಗುತ್ತಾನೆ. ದಿನಸಿಯವನು ಅಲಿಗೆ ಮಾಡಿದ್ದೇ ಇದು, ಗಲ್ಲಾದ ದಿಕ್ಕು ಮಾತ್ರ ತಿರುಗಿದೆ. ಒಂದು ಹಂತದಲ್ಲಿ ಐದು ಪಾತ್ರಗಳು ಒಬ್ಬರಾದ ಮೇಲೊಬ್ಬರು ಕ್ಯಾಮೆರಾದ ಮುಖಕ್ಕೇ ಬೈಗುಳ ಸುರಿಯುತ್ತವೆ. ಆದರೆ ಎಲ್ಲರ ಬಾಯೂ ಒಂದೇ ಎಂದು ತೋರಿಸಿ ಲೀ ಕೈತೊಳೆದುಕೊಳ್ಳುವುದಿಲ್ಲ. ಬೈಗುಳ ಎಲ್ಲರದ್ದೂ ಹೌದು, ಪೊಲೀಸರ ತೋಳಿನ ಹಿಡಿತದಲ್ಲಿ ಉಸಿರುಗಟ್ಟಿ ಸಾಯುವವನು ಒಬ್ಬನೇ, ಅವನು ಕಪ್ಪು ಹುಡುಗ ರಹೀಮ್. ಹೀಗೆ ಸತ್ತವರ ಕುಟುಂಬಗಳಿಗೇ ಸಿನಿಮಾ ಅರ್ಪಿತವಾಗಿದೆ. ಅವರಲ್ಲಿ 1983ರಲ್ಲಿ ನ್ಯೂಯಾರ್ಕ್ ಪೊಲೀಸರ ವಶದಲ್ಲಿದ್ದಾಗ ಪ್ರಜ್ಞೆ ತಪ್ಪಿ ಸತ್ತ ಮೈಕೆಲ್ ಸ್ಟೀವರ್ಟ್ ಕೂಡ ಒಬ್ಬರು.

ರಹೀಮನ ಸಾವು ಕಂಡ ಮೂಕಿ ಅಂಗಡಿಯ ಗಾಜಿಗೆ ಕಸದ ಡಬ್ಬಿ ಎಸೆಯುತ್ತಾನೆ, ಜನ ನುಗ್ಗಿ ಅಂಗಡಿ ಸುಡುತ್ತಾರೆ. ಆ ದಂಗೆಯ ಮರುದಿನ ಬೆಳಿಗ್ಗೆಯ ದೃಶ್ಯವನ್ನು ಅವಸರದಲ್ಲಿ ನೋಡಬೇಡಿ. ಸುಟ್ಟ ಅಂಗಡಿಯ ಮುಂದೆ ಮೂಕಿ ತನ್ನ ವಾರದ ಸಂಬಳ ಕೇಳುತ್ತಾನೆ, 250 ಡಾಲರ್. ಸಾಲ್ ನೂರರ ಐದು ನೋಟುಗಳನ್ನು ಮುದುರಿ ಎಸೆಯುತ್ತಾನೆ. ಮೂಕಿ ಎರಡನ್ನು ವಾಪಸ್ ಎಸೆಯುತ್ತಾನೆ. ಒಬ್ಬ ಹುಡುಗ ಸತ್ತಿದ್ದಾನೆ, ಅಂಗಡಿ ಬೂದಿಯಾಗಿದೆ. ಇಬ್ಬರೂ 50 ಡಾಲರಿನ ಲೆಕ್ಕ ಮಾತಾಡುತ್ತಿದ್ದಾರೆ.

ಕೊರತೆ ಇಲ್ಲದಿಲ್ಲ. ಹೆಣ್ಣು ಪಾತ್ರಗಳು ತೆಳು. ಮೂಕಿಯ ತಂಗಿಗೂ ಪ್ರೇಯಸಿಗೂ ಬೀದಿಯ ಗಂಡಸರ ಮಾತಿಗೆ ಉತ್ತರ ಕೊಡುವುದರಾಚೆ ಕೆಲಸ ಕಡಿಮೆ. ಬಿಡುಗಡೆಯ ಹೊತ್ತಿನಲ್ಲಿ ಕೆಲವು ಅಮೆರಿಕನ್ ವಿಮರ್ಶಕರು ಇದನ್ನು ನೋಡಿ ಕಪ್ಪು ಯುವಕರು ದಂಗೆ ಏಳುತ್ತಾರೆ ಎಂದು ಬರೆದರು. ಯಾರೂ ಏಳಲಿಲ್ಲ. ಆ ಬರಹಗಳಲ್ಲಿ ರಹೀಮನ ಸಾವಿಗಿಂತ ಪಿಜ್ಜಾ ಅಂಗಡಿಯ ಗಾಜಿನ ಚಿಂತೆ ಹೆಚ್ಚಿತ್ತು ಎಂದು ಲೀ ಆಮೇಲೂ ದೂರುತ್ತಲೇ ಬಂದ. ಆ ವರ್ಷದ ಆಸ್ಕರ್‌ನಲ್ಲಿ ಇದು ಅತ್ಯುತ್ತಮ ಚಿತ್ರದ ಪಟ್ಟಿಗೂ ಏರಲಿಲ್ಲ. ಬಿಳಿಯ ಯಜಮಾನಿ ಮತ್ತು ಅವಳ ಕಪ್ಪು ಚಾಲಕನ ಸೌಮ್ಯ ಕಥೆಯಾದ 'ಡ್ರೈವಿಂಗ್ ಮಿಸ್ ಡೈಸಿ' ಗೆದ್ದಿತು. ಹತ್ತು ವರ್ಷದ ನಂತರ, ಅರ್ಹತೆ ಸಿಕ್ಕ ಮೊದಲ ವರ್ಷದಲ್ಲೇ, ಅಮೆರಿಕದ ರಾಷ್ಟ್ರೀಯ ಚಲನಚಿತ್ರ ಸಂಗ್ರಹಕ್ಕೆ ಲೀಯ ಸಿನಿಮಾ ಸೇರಿತು.

ಬ್ಲ್ಯಾಕ್ ಗರ್ಲ್ (1966, ಫ್ರೆಂಚ್, ಸುಮಾರು ಒಂದು ಗಂಟೆ)

ಸೆನೆಗಲ್‌ನ ಉಸ್ಮಾನ್ ಸೆಂಬೆನ್ ಮಾಡಿದ ಕಪ್ಪುಬಿಳುಪಿನ ಚಿಕ್ಕ ಸಿನಿಮಾ. ಡಾಕರ್‌ನ ಬೀದಿಯೊಂದರಲ್ಲಿ ಮನೆಗೆಲಸ ಹುಡುಕುವ ಹೆಂಗಸರು ಸಾಲಾಗಿ ಕೂತಿರುತ್ತಾರೆ. ಬಿಳಿಯ ಯಜಮಾನಿ ಬಂದ ಕೂಡಲೇ ಎಲ್ಲರೂ ಮುನ್ನುಗ್ಗುತ್ತಾರೆ, ಡಿಯುಆನಾ ಮಾತ್ರ ಸುಮ್ಮನಿರುತ್ತಾಳೆ. ಯಜಮಾನಿ ಅವಳನ್ನೇ ಆರಿಸಿಕೊಳ್ಳುತ್ತಾಳೆ. ಸುಮ್ಮನಿರುವವಳು ಬೇಕಿತ್ತು, ಸಿಕ್ಕಳು. ಇಲ್ಲಿ ಗಲ್ಲಾ ಬೀದಿಯಲ್ಲೇ ಇದೆ, ಸರಕು ಮನುಷ್ಯರು.

ಫ್ರಾನ್ಸಿನ ಆಂಟಿಬ್ ಪಟ್ಟಣಕ್ಕೆ ಹೋದ ಮೇಲೆ ಮಕ್ಕಳನ್ನು ನೋಡಿಕೊಳ್ಳಲು ಬಂದವಳು ಅಡುಗೆ, ಕಸ, ಬಟ್ಟೆ ಎಲ್ಲದಕ್ಕೂ ಆಗುತ್ತಾಳೆ. ಎತ್ತರದ ಹಿಮ್ಮಡಿಯ ಚಪ್ಪಲಿ ಹಾಕಿ ಓಡಾಡಿದ್ದಕ್ಕೆ ಯಜಮಾನಿ ಗದರುತ್ತಾಳೆ: ನೀನು ಕೆಲಸದವಳು. ಊಟಕ್ಕೆ ಬಂದ ಅತಿಥಿಯೊಬ್ಬ ಕಪ್ಪು ಹೆಣ್ಣಿಗೆ ಈವರೆಗೆ ಮುತ್ತಿಟ್ಟಿಲ್ಲ ಎಂದು ನಗುತ್ತ ಎದ್ದು ಅವಳ ಕೆನ್ನೆಗೆ ಮುತ್ತಿಡುತ್ತಾನೆ. ಮೇಜಿನಲ್ಲಿದ್ದ ಯಾರಿಗೂ ಅದು ತಪ್ಪು ಅನಿಸುವುದಿಲ್ಲ. ಆ ಅನಿಸದಿರುವಿಕೆಯೇ ದೃಶ್ಯ.

ಧ್ವನಿಯ ಬಳಕೆ ಗಮನಿಸಿ. ಡಿಯುಆನಾ ಬಾಯಿಬಿಟ್ಟು ಆಡುವುದು ಹೆಚ್ಚಾಗಿ 'ಹೌದು ಮೇಡಂ' ಅಷ್ಟೇ. ಮನಸ್ಸಿನ ಮಾತು ಮಾತ್ರ ಹಿನ್ನೆಲೆಯಲ್ಲಿ ಸರಾಗವಾಗಿ ಹರಿಯುತ್ತದೆ, ಬೇರೊಬ್ಬ ಕಲಾವಿದೆಯ ದನಿಯಲ್ಲಿ. ಮೊದಲ ಸಲ ನೋಡುವವರಿಗೆ ತುಟಿಗೂ ಮಾತಿಗೂ ಹೊಂದಾಣಿಕೆ ಇಲ್ಲ ಎಂದು ಕಿರಿಕಿರಿಯಾಗಬಹುದು. ಹಾಗೆ ಬೇರ್ಪಟ್ಟಿರುವುದರಿಂದಲೇ ಅವಳೊಳಗೆ ಎಷ್ಟು ಮಾತಿದೆ ಎಂದು ಮನೆಯವರಿಗೆ ಗೊತ್ತಿಲ್ಲದ್ದು ನಮಗೆ ಗೊತ್ತಾಗುತ್ತದೆ. ಕೊನೆಯಲ್ಲಿ ಯಜಮಾನ ಅವಳ ಬಾಕಿ ಸಂಬಳ ಹಿಡಿದು ಡಾಕರ್‌ಗೆ ಬರುತ್ತಾನೆ, ತಾಯಿ ಮುಟ್ಟುವುದಿಲ್ಲ. ಅಂತ್ಯದಲ್ಲಿ ಆತ್ಮಹತ್ಯೆ ಇದೆ. ಯಾರ ಜೊತೆ ಕೂತು ನೋಡುತ್ತೀರಿ ಎಂಬುದನ್ನು ಮೊದಲೇ ಯೋಚಿಸಿ.

ಗೆಸ್ ಹೂ ಈಸ್ ಕಮಿಂಗ್ ಟು ಡಿನ್ನರ್ (1967, ಇಂಗ್ಲಿಷ್)

ಸದುದ್ದೇಶದ ಸಿನಿಮಾ ಎಲ್ಲಿ ಎಡವುತ್ತದೆ ಎಂದು ತಿಳಿಯಲು ಇದನ್ನು ನೋಡಬೇಕು. ಸ್ಯಾನ್ ಫ್ರಾನ್ಸಿಸ್ಕೋದ ಉದಾರವಾದಿ ಬಿಳಿಯ ದಂಪತಿಯ ಮಗಳು ಕಪ್ಪು ವೈದ್ಯನನ್ನು ಮದುವೆಯಾಗುತ್ತೇನೆ ಎಂದು ಮನೆಗೆ ಕರೆತರುತ್ತಾಳೆ. ಅಮೆರಿಕದ ಸುಪ್ರೀಂ ಕೋರ್ಟ್ ಅಂತರ್ವರ್ಣೀಯ ಮದುವೆಯ ಮೇಲಿನ ನಿಷೇಧವನ್ನು ರದ್ದು ಮಾಡಿದ್ದು 1967ರ ಜೂನ್ 12ರಂದು. ಅಲ್ಲಿಯವರೆಗೂ 16 ರಾಜ್ಯಗಳಲ್ಲಿ ಆ ನಿಷೇಧ ಜಾರಿಯಲ್ಲಿತ್ತು. ಸಿನಿಮಾದ ಚಿತ್ರೀಕರಣ ಅದಕ್ಕೆ ಮೊದಲೇ ಮುಗಿದಿತ್ತು. ಆ ಹೊತ್ತಿಗೆ ಇದು ಧೈರ್ಯದ ಕೆಲಸ ಎಂಬುದರಲ್ಲಿ ಅನುಮಾನವಿಲ್ಲ.

ಆದರೆ ಸಿಡ್ನಿ ಪೊಯಿಟಿಯೆ ಆಡಿದ ಆ ವೈದ್ಯನನ್ನು ನೋಡಿ. ಜಗತ್ತೇ ಗುರುತಿಸಿದ ತಜ್ಞ, ಸುರದ್ರೂಪಿ, ವಿನಯವಂತ. ಹುಡುಗಿಯ ತಂದೆತಾಯಿ ಒಪ್ಪದಿದ್ದರೆ ಮದುವೆಯೇ ಬೇಡ ಎನ್ನುವಷ್ಟು ಒಳ್ಳೆಯವನು. ಬಣ್ಣ ಬಿಟ್ಟರೆ ಬೇರೆ ಯಾವ ಆಕ್ಷೇಪಕ್ಕೂ ಎಡೆ ಇರಬಾರದೆಂದು ಹೀಗೆ ಮಾಡಿದರು. ವಾದಕ್ಕೆ ಇದು ಸರಿ. ದಿನನಿತ್ಯದ ಬದುಕಿಗೆ ಸರಿಯಲ್ಲ. ಸಾಮಾನ್ಯನಾದ, ಸಾಲ ಇರುವ, ಕೆಲವೊಮ್ಮೆ ಸಿಡುಕುವ ಕಪ್ಪು ಹುಡುಗನನ್ನು ಆ ಮನೆಯವರು ಏನು ಮಾಡುತ್ತಿದ್ದರು ಎಂಬ ಪ್ರಶ್ನೆಯನ್ನು ಸಿನಿಮಾ ಮುಟ್ಟುವುದೇ ಇಲ್ಲ. ಪ್ರೇಮಿಗಳ ಒಂದೇ ಒಂದು ಮುತ್ತನ್ನು ಟ್ಯಾಕ್ಸಿಯ ಹಿನ್ನೋಟದ ಕನ್ನಡಿಯಲ್ಲಿ ತೋರಿಸುತ್ತಾರೆ, ಚಾಲಕನ ಇರಿಸುಮುರಿಸಿನ ಕಣ್ಣಿನ ಜೊತೆ. ಬಾಡಿಗೆ ತೆಗೆದುಕೊಳ್ಳುವವನ ಆ ಎರಡು ಕ್ಷಣದ ನೋಟ ಕೊನೆಯ ದೀರ್ಘ ಭಾಷಣಕ್ಕಿಂತ ಹೆಚ್ಚು ಹೇಳುತ್ತದೆ.

ಅದೇ ವರ್ಷ ಪೊಯಿಟಿಯೆ ನಟಿಸಿದ 'ಇನ್ ದಿ ಹೀಟ್ ಆಫ್ ದಿ ನೈಟ್' ಇದಕ್ಕಿಂತ ಖಾರ. ರಾತ್ರಿ ರೈಲಿಗೆ ಕಾಯುತ್ತಿದ್ದ ಕಪ್ಪು ಮನುಷ್ಯನ ಕಿಸೆಯಲ್ಲಿ ದುಡ್ಡಿದೆ ಎಂಬುದೇ ಅವನನ್ನು ಹಿಡಿದೊಯ್ಯಲು ಕಾರಣವಾಗುತ್ತದೆ. ಅವನೇ ಪೊಲೀಸ್ ಅಧಿಕಾರಿ ಎಂದು ಆಮೇಲೆ ತಿಳಿಯುತ್ತದೆ. ತಂತ್ರದ ದೃಷ್ಟಿಯಿಂದಲೂ ಅದನ್ನು ನೋಡಬೇಕು. ಅಲ್ಲಿಯವರೆಗಿನ ಬಣ್ಣದ ಸಿನಿಮಾಗಳಲ್ಲಿ ಬಿಳಿ ಚರ್ಮಕ್ಕೆ ಲೆಕ್ಕ ಹಾಕಿದ ಬೆಳಕನ್ನೇ ಎಲ್ಲರ ಮೇಲೂ ಬಿಡುತ್ತಿದ್ದರು. ಕಪ್ಪು ಮುಖದ ಮೇಲೆ ಅದು ಪಳಪಳ ಹೊಳೆದು ಮುಖಭಾವ ಕರಗುತ್ತಿತ್ತು. ಛಾಯಾಗ್ರಾಹಕ ಹ್ಯಾಸ್ಕೆಲ್ ವೆಕ್ಸ್‌ಲರ್ ಬೆಳಕನ್ನು ತಗ್ಗಿಸಿ ಪೊಯಿಟಿಯೆಯ ಮುಖ ಓದಲು ಬರುವಂತೆ ಮಾಡಿದ. ಫೋಟೋ ಅಚ್ಚು ಹಾಕುವ ಲ್ಯಾಬುಗಳಲ್ಲೂ ದಶಕಗಳ ಕಾಲ ಬಣ್ಣ ಹೊಂದಿಸಲು ಇಟ್ಟುಕೊಂಡಿದ್ದ 'ಶರ್ಲಿ ಕಾರ್ಡ್' ಎಂಬ ಮಾದರಿ ಚಿತ್ರದಲ್ಲಿ ಇರುತ್ತಿದ್ದುದು ಬಿಳಿಯ ಹೆಣ್ಣೇ. ಪೂರ್ವಗ್ರಹ ಕಥೆಯಲ್ಲಷ್ಟೇ ಇರುತ್ತದೆ ಎಂದುಕೊಂಡವರು ಕ್ಯಾಮೆರಾದ ಹಿಂದೆಯೂ ಒಮ್ಮೆ ಇಣುಕಬೇಕು.

ಗೆಟ್ ಔಟ್ (2017, ಇಂಗ್ಲಿಷ್, 104 ನಿಮಿಷ)

ಜೋರ್ಡನ್ ಪೀಲ್ 45 ಲಕ್ಷ ಡಾಲರ್‌ನಲ್ಲಿ ಮಾಡಿದ ಹಾರರ್. ಮೂಲ ಚಿತ್ರಕಥೆಯ ಆಸ್ಕರ್ ಪಡೆದ ಮೊದಲ ಕಪ್ಪು ಬರಹಗಾರ ಅವನು. ಕಪ್ಪು ಹುಡುಗ ಕ್ರಿಸ್ ತನ್ನ ಬಿಳಿ ಪ್ರೇಯಸಿ ರೋಸ್‌ಳ ತಂದೆತಾಯಿಯ ಮನೆಗೆ ಹೋಗುತ್ತಾನೆ. ಇಲ್ಲಿ ಯಾರೂ ಬೈಯುವುದಿಲ್ಲ, ಎಲ್ಲರೂ ಹೊಗಳುತ್ತಾರೆ. ತಂದೆಗೆ ಒಬಾಮಾ ಎಂದರೆ ಪ್ರಾಣ. ತೋಟದ ಪಾರ್ಟಿಗೆ ಬಂದವರಲ್ಲಿ ಒಬ್ಬ ಗಾಲ್ಫ್ ಸುದ್ದಿ ತೆಗೆದು ಟೈಗರ್ ವುಡ್ಸ್ ಹೆಸರು ಹೇಳುತ್ತಾನೆ, ಒಬ್ಬಳು ತೋಳು ಮುಟ್ಟಿ ನೋಡುತ್ತಾಳೆ. ಎಮ್ಮಿಯ ಮನೆಯ ದೃಶ್ಯಕ್ಕೂ ಇದಕ್ಕೂ 43 ವರ್ಷದ ಅಂತರ, ತೋಳು ಮುಟ್ಟುವ ಕೈ ಅದೇ. ಆಮೇಲೆ ತಿಳಿಯುತ್ತದೆ: ಅವರೆಲ್ಲ ಮಾಡುತ್ತಿದ್ದದ್ದು ಕೊಳ್ಳುವ ಮುಂಚಿನ ತಪಾಸಣೆ. ಬಿಂಗೋ ಚೀಟಿ ಎತ್ತಿ ಹಿಡಿದು ಸದ್ದಿಲ್ಲದೆ ನಡೆಸುವ, ಕ್ರಿಸ್‌ನ ದೇಹದ ಹರಾಜು ಈ ಏಳೂ ಸಿನಿಮಾಗಳ ಕೊಡುಕೊಳ್ಳುವಿಕೆಯಲ್ಲಿ ಅತಿ ಭೀಕರವಾದದ್ದು.

ಎರಡನೇ ಸಲ ನೋಡುವಾಗ ಆರಂಭದ ಪೊಲೀಸ್ ದೃಶ್ಯಕ್ಕೆ ಕಾಯಿರಿ. ಕಾರು ಓಡಿಸುತ್ತಿದ್ದವಳು ರೋಸ್, ಪೊಲೀಸ್ ಕೇಳುವುದು ಕ್ರಿಸ್‌ನ ಗುರುತಿನ ಚೀಟಿ. ರೋಸ್ ಸಿಡಿದೆದ್ದು ತಡೆಯುತ್ತಾಳೆ. ಮೊದಲ ಸಲ ಅದು ನ್ಯಾಯದ ಪರ ನಿಂತ ಪ್ರೇಮ. ಎರಡನೇ ಸಲ ನೋಡಿದರೆ, ಕಾಣೆಯಾಗಲಿರುವವನ ಹೆಸರು ಯಾವ ದಾಖಲೆಗೂ ಸೇರದಂತೆ ಅವಳು ನೋಡಿಕೊಂಡಳು ಎಂದು ಹೊಳೆಯುತ್ತದೆ. ಡಿಸ್ಕ್‌ನಲ್ಲಿ ಪರ್ಯಾಯ ಅಂತ್ಯವೂ ಇದೆ. ಚಿತ್ರಮಂದಿರದ ಆವೃತ್ತಿಯಲ್ಲಿ ಕೊನೆಗೆ ದೀಪ ಮಿನುಗಿಸುತ್ತ ಬರುವ ಕಾರಿನಲ್ಲಿ ಗೆಳೆಯನಿರುತ್ತಾನೆ. ಪರ್ಯಾಯದಲ್ಲಿ ಪೊಲೀಸರಿರುತ್ತಾರೆ, ಕ್ರಿಸ್ ಜೈಲಿಗೆ ಹೋಗುತ್ತಾನೆ. ಗೆಳೆಯನ ಅಂತ್ಯವೇ ಉತ್ತಮ. ಆ ದೀಪ ಕಂಡ ಕೂಡಲೇ ನೋಡುಗರ ಎದೆ ಧಸಕ್ಕೆನ್ನುತ್ತದಲ್ಲ, ಪೊಲೀಸರನ್ನು ತೋರಿಸದೆಯೇ ಹೇಳಬೇಕಾದದ್ದು ಅಲ್ಲಿಗೆ ಮುಟ್ಟಿತು.

ದೋಷ ಕೊನೆಯ ಮೂವತ್ತು ನಿಮಿಷದಲ್ಲಿದೆ. ಪಾರ್ಟಿಯಲ್ಲಿ ಮೈ ಜುಮ್ಮೆನ್ನಿಸಿದ್ದು ಅದು ಎಲ್ಲರ ಮನೆಯ ಪಾರ್ಟಿಯಂತೆ ಇದ್ದದ್ದರಿಂದ. ಕೊಂಡವನ ಮಿದುಳನ್ನು ಕ್ರಿಸ್‌ನ ದೇಹಕ್ಕೆ ಕೂರಿಸುವ ಶಸ್ತ್ರಚಿಕಿತ್ಸೆ ಶುರುವಾದ ಮೇಲೆ ತಪ್ಪು ಒಂದು ಹುಚ್ಚು ಕುಟುಂಬದ ತಲೆಗೆ ಹೋಗುತ್ತದೆ, ನೋಡುಗರು ನಿಟ್ಟುಸಿರು ಬಿಡುತ್ತಾರೆ.

ಕ್ರ್ಯಾಶ್ (2005) ಮತ್ತು ಗ್ರೀನ್ ಬುಕ್ (2018)

ಎರಡೂ ಅತ್ಯುತ್ತಮ ಚಿತ್ರದ ಆಸ್ಕರ್ ಗೆದ್ದವು. ಏಳರಲ್ಲಿ ಕೊನೆಯ ಎರಡು ಸ್ಥಾನವೂ ಇವುಗಳದ್ದೇ.

ಪಾಲ್ ಹ್ಯಾಗಿಸ್‌ನ 'ಕ್ರ್ಯಾಶ್' ಲಾಸ್ ಏಂಜಲೀಸ್‌ನಲ್ಲಿ ನಡೆಯುತ್ತದೆ. ಅಲ್ಲಿ ಎದುರಾದವರೆಲ್ಲ ಮೊದಲ ಮಾತಿಗೇ ಪರಸ್ಪರರ ಜನಾಂಗವನ್ನು ಎತ್ತಿ ಬೈಯುತ್ತಾರೆ. ಬಂದೂಕಿನ ಅಂಗಡಿಯ ಮಾಲೀಕ ಇರಾನಿ ಗಿರಾಕಿಯನ್ನು ಅರಬನೆಂದುಕೊಂಡು ಹೀಯಾಳಿಸುತ್ತಾನೆ. ಗಲ್ಲಾದ ದೃಶ್ಯವೇನೋ ಇದೆ, ಆದರೆ ಅಲ್ಲಿ ಏನೂ ಅಡಗಿಲ್ಲ. ದಿನನಿತ್ಯದ ಪೂರ್ವಗ್ರಹ ಬಾಯಿಬಿಡದೆ ಕೆಲಸ ಮಾಡುತ್ತದೆ. ಇಲ್ಲಿ ಎಲ್ಲವೂ ಬಾಯಲ್ಲೇ. ಬೀಗ ರಿಪೇರಿಯ ಲ್ಯಾಟಿನೋ ಹುಡುಗನನ್ನು ಕಂಡು ಶ್ರೀಮಂತ ಹೆಂಗಸು ಬೀಗವನ್ನು ಮತ್ತೆ ಬದಲಿಸಿ ಎನ್ನುವ ದೃಶ್ಯದ ಕಲ್ಪನೆ ಒಳ್ಳೆಯದು, ಆದರೆ ಅವಳು ಅದನ್ನು ಅವನ ಕಿವಿಗೆ ಬೀಳುವಂತೆ ಕಿರುಚುತ್ತಾಳೆ. ಅದಕ್ಕಿಂತ ದೊಡ್ಡ ಸಮಸ್ಯೆ ಸಮೀಕರಣದ್ದು. ತಪಾಸಣೆಯ ನೆಪದಲ್ಲಿ ಕಪ್ಪು ಹೆಣ್ಣಿನ ಮೈಮುಟ್ಟಿದ ಬಿಳಿ ಪೊಲೀಸ್ ಮರುದಿನ ಅವಳನ್ನೇ ಉರಿಯುವ ಕಾರಿನಿಂದ ಎಳೆದು ಉಳಿಸುತ್ತಾನೆ. ಲೆಕ್ಕ ಚುಕ್ತಾ ಎಂಬಂತೆ ಸಂಗೀತ ಏರುತ್ತದೆ. ಎಲ್ಲರೂ ಸ್ವಲ್ಪ ಕೆಟ್ಟವರು, ಎಲ್ಲರೂ ಸ್ವಲ್ಪ ಒಳ್ಳೆಯವರು ಎಂದ ಮೇಲೆ ಲಾಠಿ ಯಾರ ಕೈಯಲ್ಲಿತ್ತು ಎಂದು ಕೇಳುವವರಿಲ್ಲ.

ಪೀಟರ್ ಫ್ಯಾರೆಲ್ಲಿಯ 'ಗ್ರೀನ್ ಬುಕ್' ನೋಡಲು ಹಿತ, ನಟನೆ ಸೊಗಸು. 1962ರಲ್ಲಿ ಪಿಯಾನೋ ವಾದಕ ಡಾನ್ ಶರ್ಲಿ ಮತ್ತು ಅವನ ಬಿಳಿ ಚಾಲಕ ಟೋನಿ ಅಮೆರಿಕದ ದಕ್ಷಿಣಕ್ಕೆ ಹೋಗುತ್ತಾರೆ. ದರ್ಜಿ ಅಂಗಡಿಯವನು ಕೋಟು ಕೊಂಡ ಮೇಲೆ ಬೇಕಾದರೆ ತೊಟ್ಟು ನೋಡು ಎನ್ನುವುದು, ಪಿಯಾನೋ ನುಡಿಸಲು ಕರೆಸಿದ ಜಾಗದಲ್ಲೇ ಊಟಕ್ಕೆ ಕೂರಗೊಡದಿರುವುದು, ಇವು ನಿಖರವಾಗಿವೆ. ಆದರೆ ಪ್ರತಿ ಅವಮಾನದ ನಂತರ ಕ್ಯಾಮೆರಾ ತಿರುಗುವುದು ಟೋನಿಯ ಮುಖಕ್ಕೆ. ಚಿತ್ರಕಥೆ ಬರೆದವರಲ್ಲಿ ಟೋನಿಯ ಮಗನೂ ಒಬ್ಬ, ಶರ್ಲಿಯ ಸಂಬಂಧಿಕರು ಚಿತ್ರಣವನ್ನು ಬಹಿರಂಗವಾಗಿ ಆಕ್ಷೇಪಿಸಿದರು. ಶರ್ಲಿಯಾಗಿ ನಟಿಸಿದ ಮಹೆರ್ಶಾಲಾ ಅಲಿಗೆ ಬಂದದ್ದು ಪೋಷಕ ನಟನ ಆಸ್ಕರ್. ಕಥೆ ಯಾರದ್ದು ಎಂದು ಪ್ರಶಸ್ತಿಯ ವಿಭಾಗವೇ ಹೇಳಿಬಿಟ್ಟಿತು. ಹೆಸರಿಗೆ ಕಾರಣವಾದ ಪುಸ್ತಕಕ್ಕೂ ಅನ್ಯಾಯವಾಗಿದೆ. ಹಾರ್ಲೆಮ್‌ನ ಅಂಚೆ ನೌಕರ ವಿಕ್ಟರ್ ಹ್ಯೂಗೋ ಗ್ರೀನ್ 1936ರಲ್ಲಿ ಶುರುಮಾಡಿದ, ಕಪ್ಪು ಪ್ರಯಾಣಿಕರಿಗೆ ಎಲ್ಲಿ ಉಳಿಯಬಹುದು, ಎಲ್ಲಿ ಉಣ್ಣಬಹುದು ಎಂದು ತಿಳಿಸುತ್ತಿದ್ದ ಆ ಕೈಪಿಡಿ ತೆರೆಯ ಮೇಲೆ ಬಂದು ಹೋಗುವುದು ಬಿಳಿ ಚಾಲಕನ ಕೈಯಲ್ಲಿ.

ಬಿಳಿಯನೊಬ್ಬ ಉಳಿಸಬೇಕು ಎಂಬ ಚಟ ಒಳ್ಳೆಯ ಸಿನಿಮಾಗಳನ್ನೂ ಬಿಟ್ಟಿಲ್ಲ. 'ಹಿಡನ್ ಫಿಗರ್ಸ್' (2016) ನಲ್ಲಿ ನಾಸಾದ ವಿಭಾಗವೊಂದರ ಬಿಳಿಯ ಮುಖ್ಯಸ್ಥ, ಕಪ್ಪು ಹೆಂಗಸರಿಗೆಂದು ಬೇರೆ ಇಟ್ಟ ಶೌಚಾಲಯದ ಫಲಕವನ್ನು ಒಡೆಯುವ ದೃಶ್ಯ ನಡೆದದ್ದೇ ಅಲ್ಲ; ಕಥೆಯ ನಾಯಕಿಯಾದ ಕಪ್ಪು ಗಣಿತಜ್ಞೆ, ನಿಜವಾದ ಕ್ಯಾಥರೀನ್ ಜಾನ್ಸನ್ ಯಾರನ್ನೂ ಕೇಳದೆ ಹತ್ತಿರದ ಶೌಚಾಲಯಕ್ಕೇ ಹೋಗುತ್ತಿದ್ದರು.

ನೋಡುವ ಕ್ರಮ

ಒಂದೇ ಸಂಜೆ ಇದ್ದರೆ 'ಬ್ಲ್ಯಾಕ್ ಗರ್ಲ್' ಮೊದಲು, ಹದಿನೈದು ನಿಮಿಷ ಬಿಟ್ಟು 'ಅಲಿ'. ಒಟ್ಟು ಮೂರು ಗಂಟೆಯೊಳಗೆ ಮುಗಿಯುತ್ತದೆ. ತಿರುವುಮುರುವು ಮಾಡಬೇಡಿ, 'ಅಲಿ'ಯ ಒಣ ಹಾಸ್ಯದ ಮೇಲೆ 'ಬ್ಲ್ಯಾಕ್ ಗರ್ಲ್'ನ ಅಂತ್ಯ ಬಿದ್ದರೆ ಆಮೇಲೆ ಯಾರೂ ಮಾತಾಡುವ ಸ್ಥಿತಿಯಲ್ಲಿ ಇರುವುದಿಲ್ಲ. 'ಡೂ ದಿ ರೈಟ್ ಥಿಂಗ್' ಬೇರೆ ಸಿನಿಮಾದ ಜೊತೆ ಸೇರಿಸದೆ ನೋಡಬೇಕಾದದ್ದು, ಚರ್ಚೆಗೆ ಕನಿಷ್ಠ ಒಂದು ಗಂಟೆ ಇಟ್ಟುಕೊಳ್ಳಿ. ಮೂಕಿ ಮಾಡಿದ್ದು ಸರಿಯೇ ಎಂಬ ಪ್ರಶ್ನೆಯಿಂದ ಚರ್ಚೆ ಶುರು ಮಾಡಿದರೆ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಗೋಡೆ ಯಾರದ್ದು ಎಂದು ಶುರು ಮಾಡಿ.

ಟೀವಿಯಲ್ಲಿ 'ವಿವಿಡ್' ಆಯ್ಕೆ ತೆಗೆದು 'ಸಿನಿಮಾ' ಅಥವಾ 'ಫಿಲ್ಮ್‌ಮೇಕರ್' ಆಯ್ಕೆಗೆ ಬನ್ನಿ, ಚಲನೆ ನಯಗೊಳಿಸುವ ಸೌಲಭ್ಯವನ್ನು ಆಫ್ ಮಾಡಿ. ವಿವಿಡ್‌ನಲ್ಲಿ ಲೀಯ ಕೆಂಪು ರಾಡಿಯಾಗುತ್ತದೆ, ಕಪ್ಪು ಮುಖಗಳ ನೆರಳಿನ ಭಾಗ ಮಸಿಯಾಗುತ್ತದೆ. ಕೋಣೆಯ ದೀಪ ಆರಿಸಿದ ಮೇಲೂ ರಾತ್ರಿ ದೃಶ್ಯದಲ್ಲಿ ಕಣ್ಣು, ಬಾಯಿ ಮಾತ್ರ ಕಂಡು ಕೆನ್ನೆಯ ಆಕಾರ ಕಾಣದಿದ್ದರೆ ಬ್ರೈಟ್‌ನೆಸ್ ಎರಡು ಹಂತ ಏರಿಸಿ. ಹತ್ತಾರು ಜನರನ್ನು ಕರೆದು ಸಾರ್ವಜನಿಕವಾಗಿ ತೋರಿಸುವುದಾದರೆ ಮನೆಗೆಂದು ಕೊಂಡ ಡಿಸ್ಕ್ ಅಥವಾ ಸ್ಟ್ರೀಮಿಂಗ್ ಚಂದಾ ಸಾಲದು. ಹಕ್ಕುದಾರರಿಂದ ಪ್ರದರ್ಶನದ ಪರವಾನಗಿ ಬೇರೆಯಾಗಿ ಪಡೆಯಬೇಕು.

ಕೈಗೆ ಸಿಕ್ಕಿದ್ದು 'ಗ್ರೀನ್ ಬುಕ್' ಒಂದೇ ಆದರೆ ಶುರುವಿನ ಒಂದು ದೃಶ್ಯಕ್ಕಾಗಿ ನೋಡಿ. ಟೋನಿಯ ಮನೆಗೆ ಕೆಲಸಕ್ಕೆ ಬಂದ ಇಬ್ಬರು ಕಪ್ಪು ಕೆಲಸಗಾರರು ನೀರು ಕುಡಿದು ಹೋಗುತ್ತಾರೆ. ಅವರು ಕುಡಿದ ಎರಡು ಗಾಜಿನ ಲೋಟಗಳನ್ನು ಟೋನಿ ಎರಡು ಬೆರಳಲ್ಲಿ ಎತ್ತಿ ಕಸದ ಡಬ್ಬಿಗೆ ಹಾಕುತ್ತಾನೆ. ಹೆಂಡತಿ ನೋಡುತ್ತಾಳೆ, ಲೋಟ ಎತ್ತಿಕೊಳ್ಳುತ್ತಾಳೆ, ಗಂಡನಿಗೆ ಏನೂ ಹೇಳುವುದಿಲ್ಲ. ಉಳಿದ ಎರಡು ಗಂಟೆಯಲ್ಲಿ ಸಿನಿಮಾ ಆ ಲೋಟಗಳ ಹತ್ತಿರಕ್ಕೆ ಮತ್ತೆ ಬರುವುದಿಲ್ಲ.